ಮ್ಯೂಸಿಕಲ್ ಶಿಬಿರವೋ, ವಾಡ್‌ವಿಲ್ ಕಾರ್ಯಾಗಾರವೋ: ಮಗಳು ಕಳೆದ ಎರಡು ಬೇಸಿಗೆಗಳು

ನಾವಿರುವ ನ್ಯೂಜೆರ್ಸಿಯಲ್ಲಿ ಜೂನ್ ಕೊನೆಗೆ ಶಾಲೆ ಮುಚ್ಚಿದರೆ ಮತ್ತೆ ತೆರೆಯುವುದು ಸೆಪ್ಟೆಂಬರಿನಲ್ಲೇ. ನಾಟಕವೆಂದರೆ ಪ್ರಾಣ ಬಿಡುವ ಮಗಳನ್ನು ಒಂಬತ್ತನೆಯ ತರಗತಿ ಮುಗಿದಾಗ ಮ್ಯೂಸಿಕಲ್ (ಹಾಡು ಕುಣಿತಗಳೊಡನೆ ಕಥೆ ಹೇಳುವ ನಾಟಕ) ಶಿಬಿರಕ್ಕೂ, ಹತ್ತನೆಯದು ಮುಗಿದಾಗ ಬಿಡಿ ಬಿಡಿ ಆಟಗಳ ಹಳೆಯ ರಂಗಪ್ರಕಾರವಾದ ವಾಡ್‌ವಿಲ್ ಕಾರ್ಯಾಗಾರಕ್ಕೂ ಕಳಿಸಿದೆವು. ಯಾವುದು ಒಳ್ಳೆಯದೆಂದು ಇಲ್ಲಿನ ಕನ್ನಡದ ಮನೆಗಳವರು ಕೇಳುತ್ತಲೇ ಇರುತ್ತಾರೆ. ನನ್ನ ಒಲವು ಎರಡನೆಯದರ ಕಡೆಗೆ.

ಮ್ಯೂಸಿಕಲ್ ಶಿಬಿರ ನಾಲ್ಕು ವಾರ ನಡೆಯಿತು. ಮೊದಲ ದಿನವೇ ಹಾಡಿಸಿ, ಮಾತಾಡಿಸಿ ಪಾತ್ರ ಹಂಚಿದರು. ನಲವತ್ತು ಮಕ್ಕಳಲ್ಲಿ ಏಳೆಂಟು ಮಂದಿಗೆ ಹೆಸರುಳ್ಳ ಪಾತ್ರಗಳು, ಉಳಿದವರೆಲ್ಲ ಗುಂಪಾಗಿ ಹಾಡಿ ಕುಣಿಯುವ ಮೇಳಕ್ಕೆ. ಮಗಳ ಪಾಲಿಗೆ ಬಂದದ್ದು ಮೂರು ಮಾತು. ಮುಖ್ಯ ಪಾತ್ರಗಳ ತಾಲೀಮು ನಡೆಯುವಷ್ಟು ಹೊತ್ತೂ ಮೇಳದ ಮಕ್ಕಳು ಗೋಡೆಗೊರಗಿ ಕೂತಿರುತ್ತಿದ್ದರು. ನಾನು ಹೋಗಿ ಹೇಳಿದೆ, ಏನೂ ಬದಲಾಗಲಿಲ್ಲ. ಆ ಬೇಸರ ಈಗಲೂ ಇದೆ. ಆದರೆ ಹಾಡುಗಾರಿಕೆ ಅಲ್ಲಿ ನಿಜಕ್ಕೂ ಚೆನ್ನಾಗಿತ್ತು. ಮೂರು ಸ್ತರಗಳಲ್ಲಿ ಒಟ್ಟಿಗೆ ಹಾಡುವಾಗ ಪಕ್ಕದವಳ ಸ್ವರಕ್ಕೆ ಜಾರದೆ ತನ್ನ ಸ್ವರ ಹಿಡಿದು ನಿಲ್ಲುವುದನ್ನು ಮಗಳು ಕಲಿತದ್ದು ಅಲ್ಲೇ.

ವಾಡ್‌ವಿಲ್ ಕಾರ್ಯಾಗಾರ ಎರಡೇ ವಾರದ್ದು, ಹದಿನಾಲ್ಕು ಮಕ್ಕಳು. 1880ರ ದಶಕದಿಂದ ಸುಮಾರು ಐವತ್ತು ವರ್ಷ ಅಮೆರಿಕದ ಊರೂರುಗಳಲ್ಲಿ ಜನ ಮುಗಿಬಿದ್ದು ನೋಡುತ್ತಿದ್ದ ಆಟ ಈ ವಾಡ್‌ವಿಲ್. ಒಂದು ಸಂಜೆಗೆ ಎಂಟೊಂಬತ್ತು ಬಿಡಿ ಪ್ರದರ್ಶನಗಳು: ಹಾಡು, ಕುಣಿತ, ಹಾಸ್ಯ, ಕಸರತ್ತು, ಜಾದೂ, ಪಳಗಿಸಿದ ನಾಯಿಗಳು. ಒಂದಕ್ಕೂ ಇನ್ನೊಂದಕ್ಕೂ ಕಥೆಯ ನಂಟಿಲ್ಲ. ಮೂಕಿ ಚಿತ್ರಗಳ ಹಾಸ್ಯನಟ ಬಸ್ಟರ್ ಕೀಟನ್ ಎಳವೆಯಲ್ಲೇ ಅಪ್ಪ ಅಮ್ಮನ ಜೊತೆ ಬಿದ್ದು ಎದ್ದು ಪಳಗಿದ್ದು ಇದೇ ರಂಗದ ಮೇಲೆ. ಈ ಆಟದ ಮುಖ್ಯ ರಂಗಮಂದಿರವಾಗಿದ್ದ ನ್ಯೂಯಾರ್ಕಿನ ಪ್ಯಾಲೇಸ್ ಥಿಯೇಟರ್ 1932ರಲ್ಲಿ ಸಿನಿಮಾ ಮಂದಿರವಾದಾಗ ಈ ಆಟದ ಕಾಲ ಮುಗಿಯಿತೆನ್ನುತ್ತಾರೆ.

ಮಕ್ಕಳಿಗೆ ಮೊದಲು ಕಲಿಸಿದ್ದು ಆಟಗಳನ್ನು ಜೋಡಿಸುವ ಕ್ರಮ. ಜನ ಇನ್ನೂ ಜಾಗ ಹುಡುಕುತ್ತಿರುವುದರಿಂದ ಮೊದಲನೆಯದು ಮಾತಿಲ್ಲದ ಕಸರತ್ತು. ಹೆಸರುವಾಸಿ ಕಲಾವಿದರಿಗೆ ಕೊನೆಯದಕ್ಕಿಂತ ಒಂದು ಮುಂಚಿನ ಸ್ಥಾನ. ನಡುವೆ ಕೆಲವು ಆಟಗಳು ಅಂಕದ ಪರದೆಯ ಮುಂದೆಯೇ ನಡೆಯಬೇಕು, ಹಿಂದೆ ಮುಂದಿನ ಸೀನು ಕಟ್ಟುತ್ತಿರುತ್ತಾರೆ. ಮಗಳು ಇದನ್ನು ವಿವರಿಸಿದಾಗ ನನಗೆ ರೋಮಾಂಚನವಾಯಿತು. ಗದಗಿನಲ್ಲಿ ಅಪ್ಪನ ಪಕ್ಕ ಕೂತು ನೋಡಿದ ಕಂಪನಿ ನಾಟಕಗಳಲ್ಲೂ ಹಿಂದೆ ದರ್ಬಾರಿನ ಸೀನು ಏಳುತ್ತಿರುವಾಗ ಹಾಸ್ಯದವರು ಪರದೆಯ ಮುಂದೆ ಬಂದು ಜನರನ್ನು ಹಿಡಿದಿಡುತ್ತಿದ್ದರು.

ಇಲ್ಲಿ ಪ್ರತಿ ಮಗುವಿಗೂ ಐದು ನಿಮಿಷ. ಅದನ್ನು ತಾನೇ ಬರೆದು, ತಾನೇ ಆಡಬೇಕು. ಗೋಡೆಗೊರಗಿ ಕೂರಲು ಯಾರಿಗೂ ಬಿಡುವಿಲ್ಲ. ಕೆನ್ನೆಗೆ ಕೈ ತಾಗದಂತೆ ಬೀಸುವುದು, ಏಟು ತಿಂದವನೇ ಎದೆಯ ಬಳಿ ಚಪ್ಪಾಳೆ ತಟ್ಟಿ ಸದ್ದು ಹುಟ್ಟಿಸುವುದು, ಪೆಟ್ಟಾಗದಂತೆ ಬೀಳುವುದು, ಮೂರು ಚೆಂಡು ತೂರಿ ಹಿಡಿಯುವುದು. ಚೆಂಡಿನ ಬದಲು ಮೊದಲು ರೇಷ್ಮೆ ಕರವಸ್ತ್ರ ಕೊಟ್ಟರು, ಅದು ನಿಧಾನವಾಗಿ ಇಳಿಯುತ್ತದೆಂದು. ಚೆಂಡು ಕೈಗೆ ಬಂದ ಮೇಲೆ ಮಗಳು ಹಾಸಿಗೆಯ ಅಂಚಿಗೆ ಮೊಣಕಾಲು ತಾಗಿಸಿ ನಿಂತು ಅಭ್ಯಾಸ ಮಾಡುತ್ತಿದ್ದಳು. ಬಿದ್ದದ್ದು ಹಾಸಿಗೆಯ ಮೇಲೆ ಬಿದ್ದರೆ ನೆಲದಲ್ಲಿ ಉರುಳಿ ಓಡುವುದಿಲ್ಲ. ಕೈ ನೋಡಬಾರದು, ಚೆಂಡು ಏರಿ ನಿಲ್ಲುವ ತುದಿಯನ್ನು ನೋಡಬೇಕು ಎಂಬುದು ಮೈಗೆ ಹತ್ತಲು ನಾಲ್ಕು ರಾತ್ರಿ ಬೇಕಾಯಿತು.

ಮೊದಲು ಅವಳು ಬರೆದ ಆಟದಲ್ಲಿ ಅಜ್ಜನ ಇಂಗ್ಲಿಷಿನ ಅಣಕವಿತ್ತು. ಅದೇ ವಾರ ಕಲಿಸುವವರು ಬರ್ಟ್ ವಿಲಿಯಮ್ಸ್ ಬಗ್ಗೆ ಹೇಳಿದರು. ಆತ ಕಪ್ಪು ಜನಾಂಗದ ಮೇರು ಹಾಸ್ಯನಟ; ಬಿಳಿಯರು ಕಪ್ಪು ಬಣ್ಣ ಬಳಿದುಕೊಂಡು ಕರಿಯರನ್ನು ಗೇಲಿ ಮಾಡುತ್ತಿದ್ದ ಕಾಲದಲ್ಲಿ ಅವನೂ ತನ್ನ ಮುಖಕ್ಕೆ ಅದೇ ಬಣ್ಣ ಬಳಿದುಕೊಂಡು ರಂಗಕ್ಕೆ ಬರಬೇಕಾಗಿತ್ತು. ವಾಡ್‌ವಿಲ್‌ನ ಈ ಕಳಂಕವನ್ನು ಮಕ್ಕಳಿಂದ ಮುಚ್ಚಿಡದ್ದಕ್ಕೆ ನನಗೆ ಆ ಶಿಕ್ಷಕರ ಮೇಲೆ ಗೌರವ ಹೆಚ್ಚಿತು. ಅಂದು ಕಾರಿನಲ್ಲಿ ಮಗಳು ಬಹಳ ಹೊತ್ತು ಮಾತಾಡಲಿಲ್ಲ. ಆಮೇಲೆ, “ಅಪ್ಪ, ಅಜ್ಜನ ಭಾಷೆ ಬೇಡ, ಅಜ್ಜನ ಫೋನು ಸಾಕು” ಎಂದಳು. ಹೊಸ ಆಟದಲ್ಲಿ ಅವಳು ಅಜ್ಜನೊಡನೆ ವಿಡಿಯೊ ಕರೆಯಲ್ಲಿ ಮಾತಾಡುತ್ತ ಚಪಾತಿಯ ಉಂಡೆ ಮಾಡುತ್ತಾಳೆ. ಅತ್ತ ಕಾಣುವುದು ಸೀಲಿಂಗ್ ಫ್ಯಾನ್ ಮಾತ್ರ. ಉಂಡೆಗಳು ಒಂದೊಂದಾಗಿ ಗಾಳಿಗೇರುತ್ತವೆ. ಪ್ರದರ್ಶನದ ದಿನ ಒಂದು ಉಂಡೆ ಕೆಳಗೆ ಬಿತ್ತು. ನನ್ನ ಉಸಿರು ನಿಂತಿತು. ಅವಳು ನೆಲಕ್ಕೆ ಬಾಗಿ, ಉಂಡೆಯ ಹತ್ತಿರ ಮುಖ ತಂದು, “ಅಜ್ಜಾ, ಈಗ ಕಾಣುತ್ತಿದೆಯೇ?” ಎಂದಳು. ಸಭೆಯೆಲ್ಲ ನಕ್ಕಿತು. ಗದಗಿನಲ್ಲಿ ವಿಡಿಯೊ ನೋಡಿದ ನನ್ನ ಅಪ್ಪ ಕಂಪನಿ ನಾಟಕದ ಪ್ರೇಕ್ಷಕರಂತೆಯೇ “ಒನ್ಸ್ ಮೋರ್” ಎಂದು ಕೂಗಿದರು.

ಕೊರತೆಗಳೂ ಇವೆ. ಐದು ನಿಮಿಷದಲ್ಲಿ ಒಂದು ಪಾತ್ರದ ಒಳಗೆ ಇಳಿಯಲಾಗುವುದಿಲ್ಲ. ಒಬ್ಬರೇ ನಿಲ್ಲಲು ಹೆದರುವ ಮಗುವಿಗೆ ಮೊದಲ ವಾರ ಕಷ್ಟ. ಒಬ್ಬ ಹುಡುಗ ಮೂರನೆಯ ದಿನವೇ ಬಿಟ್ಟುಹೋದ. ಆ ಹುಡುಗನಿಗೆ ಮೇಳದ ಸಾಲು ಆಸರೆಯಾಗುತ್ತಿತ್ತು. ವಾರದ ಶುಲ್ಕ ಎರಡು ಕಡೆಯೂ ಹೆಚ್ಚುಕಡಿಮೆ ಒಂದೇ.

ಈ ಸೆಪ್ಟೆಂಬರಿನಲ್ಲಿ ಮಗ ಹೈಸ್ಕೂಲು ಸೇರಲಿದ್ದಾನೆ. ಅವನು ಮಾತು ಕಡಿಮೆ, ಹಾಡು ಹೆಚ್ಚು. ಅವನನ್ನು ಮ್ಯೂಸಿಕಲ್‌ಗೇ ಸೇರಿಸುತ್ತಿದ್ದೇನೆ, ಆದರೆ ಇಪ್ಪತ್ತಕ್ಕಿಂತ ಹೆಚ್ಚು ಮಕ್ಕಳಿಲ್ಲದ ಬೇರೊಂದು ಶಿಬಿರಕ್ಕೆ. ಮಗಳು ವಾಡ್‌ವಿಲ್‌ಗೆ ಮರಳುತ್ತಾಳೆ, ಈ ಸಲ ನಾಲ್ಕು ಚೆಂಡಿನೊಂದಿಗೆ.