ಎಸ್‌ಎಂಎಸ್ ಒಟಿಪಿ, ಆಥೆಂಟಿಕೇಟರ್, ಪಾಸ್‌ಕೀ: ಕ್ರಿಪ್ಟೋ ಖಾತೆಗೆ ಯಾವ ಬೀಗ?

ಬ್ಯಾಂಕ್ ಖಾತೆಯಿಂದ ದುಡ್ಡು ಹೋದರೆ ತಕ್ಷಣ ಸೈಬರ್ ವಂಚನೆಯ ಸಹಾಯವಾಣಿ 1930ಕ್ಕೆ ಫೋನ್ ಮಾಡಬಹುದು. ಬೇಗ ಮಾಡಿದರೆ ಕಳ್ಳನ ಖಾತೆಗೆ ತಡೆ ಬಿದ್ದು ಹಣ ಉಳಿಯುವುದೂ ಉಂಟು. ಕ್ರಿಪ್ಟೋ ಕೊಳ್ಳುವ, ಮಾರುವ ಎಕ್ಸ್‌ಚೇಂಜ್‌ನಿಂದ ಹೊರಬಿದ್ದ ಬಿಟ್‌ಕಾಯಿನ್ ಹಾಗಲ್ಲ. ಅದರ ಲೆಕ್ಕದ ಪುಸ್ತಕವಾದ ಬ್ಲಾಕ್‌ಚೈನ್‌ನಲ್ಲಿ ಒಮ್ಮೆ ದಾಖಲಾದ ವರ್ಗಾವಣೆಯನ್ನು ರದ್ದು ಮಾಡಿಸಲು ಹೋಗಿ ಕೇಳೋಣ ಅಂದರೆ ಅಲ್ಲಿ ಮ್ಯಾನೇಜರ್ ಯಾರೂ ಇಲ್ಲ. ಹಾಗಾಗಿ ಪಾಸ್‌ವರ್ಡ್ ಆದಮೇಲೆ ಬರುವ ಎರಡನೇ ಬೀಗ ಯಾವುದು ಅನ್ನುವುದು ಇಲ್ಲಿ ಬಹಳ ಮುಖ್ಯ.

ನನ್ನ ಖಾತೆ ಒಂದು ಭಾರತೀಯ ಎಕ್ಸ್‌ಚೇಂಜ್‌ನಲ್ಲಿದೆ, ಇನ್ನೊಂದು ವಿದೇಶಿ ಎಕ್ಸ್‌ಚೇಂಜ್‌ನಲ್ಲಿದೆ. ಎಸ್‌ಎಂಎಸ್ ಒಟಿಪಿ, ಆಥೆಂಟಿಕೇಟರ್ ಆ್ಯಪ್, ಪಾಸ್‌ಕೀ, ಯುಎಸ್‌ಬಿ ಸೆಕ್ಯುರಿಟಿ ಕೀ, ನಾಲ್ಕನ್ನೂ ಬಳಸಿ ನೋಡಿದ್ದೇನೆ. ಯಾವುದು ಸುಲಭ ಅನ್ನುವುದಕ್ಕಿಂತ ನನಗೆ ಬೇಕಾಗಿದ್ದು ಬೇರೆ ಒಂದು ಉತ್ತರ. ಅವಸರದಲ್ಲಿ ನಕಲಿ ಸೈಟ್‌ಗೆ ಹೋಗಿ ಪಾಸ್‌ವರ್ಡ್ ಕೊಟ್ಟುಬಿಟ್ಟರೆ, ಈ ಬೀಗ ನನ್ನನ್ನು ಉಳಿಸುತ್ತದೆಯೇ?

ಎಸ್‌ಎಂಎಸ್ ಒಟಿಪಿ ಎಲ್ಲರಿಗೂ ರೂಢಿ. ಸೆಟಪ್ ಏನೂ ಇಲ್ಲ, ನಂಬರ್ ಕೊಟ್ಟರೆ ಮುಗಿಯಿತು. ಆದರೆ ಅದು ನಿಂತಿರುವುದು ನಿಮ್ಮ ಸಿಮ್ ಮೇಲೆ. ಯಾರಾದರೂ ನಿಮ್ಮ ಹೆಸರಲ್ಲಿ ಡೂಪ್ಲಿಕೇಟ್ ಸಿಮ್ ತೆಗೆಸಿದರೆ ಒಟಿಪಿ ಅವರ ಕೈಗೆ ಹೋಗುತ್ತದೆ. 2024ರ ಜನವರಿಯಲ್ಲಿ ಅಮೆರಿಕದ ಷೇರುಪೇಟೆ ನಿಯಂತ್ರಕ ಎಸ್‌ಇಸಿಯ ಎಕ್ಸ್ (ಹಿಂದಿನ ಟ್ವಿಟರ್) ಖಾತೆಯನ್ನೇ ಹೀಗೆ ಸಿಮ್ ಬದಲಿಸಿ (ಸಿಮ್ ಸ್ವಾಪ್) ವಶಪಡಿಸಿಕೊಂಡು, ಷೇರಿನಂತೆ ಕೊಳ್ಳಬಹುದಾದ ಬಿಟ್‌ಕಾಯಿನ್ ಫಂಡ್‌ಗೆ (ಇಟಿಎಫ್) ಒಪ್ಪಿಗೆ ಸಿಕ್ಕಿದೆ ಎಂದು ಸುಳ್ಳು ಪೋಸ್ಟ್ ಹಾಕಿದ್ದರು. ನಮ್ಮಲ್ಲಿ ಹೊಸ ಸಿಮ್ ಚಾಲೂ ಆದಮೇಲೆ 24 ಗಂಟೆ ಎಸ್‌ಎಂಎಸ್ ಬಾರದಂತೆ ತಡೆಯುವ ನಿಯಮ ಇದೆ. ಸಿಮ್ ಬದಲಾದ 7 ದಿನದೊಳಗೆ ನಂಬರ್ ಪೋರ್ಟ್ ಮಾಡಲು ಬಿಡಬಾರದು ಅಂತ 2024ರ ಜುಲೈಯಿಂದ ದೂರಸಂಪರ್ಕ ನಿಯಂತ್ರಕ ಟ್ರಾಯ್‌ನ ನಿಯಮವೂ ಬಂದಿದೆ. ಒಳ್ಳೆಯದೇ. ನಿಮ್ಮ ಫೋನ್‌ನಲ್ಲಿ ಇದ್ದಕ್ಕಿದ್ದಂತೆ ನೆಟ್‌ವರ್ಕ್ ಹೋದರೆ ಅದನ್ನು ಗಮನಿಸಿ ಓಡಾಡಲು ಒಂದಿಷ್ಟು ಸಮಯ ಸಿಗುತ್ತದೆ.

ನಮ್ಮ ಕಡೆ ನನಗೆ ಇದಕ್ಕಿಂತ ಜಾಸ್ತಿ ಹೆದರಿಕೆ ಎಪಿಕೆ ಫೈಲ್‌ಗಳದ್ದು, ಅಂದರೆ ಆಂಡ್ರಾಯ್ಡ್ ಫೋನ್‌ಗೆ ಆ್ಯಪ್ ಹಾಕುವ ಫೈಲ್‌ಗಳದ್ದು. ಮದುವೆ ಕರೆಯೋಲೆ ಅಂತ ವಾಟ್ಸಾಪ್‌ನಲ್ಲಿ ಒಂದು ಬರುತ್ತದೆ, ಆರ್‌ಟಿಒ ಚಲನ್ ಅಂತ ಇನ್ನೊಂದು. ಕಳಿಸಿದ ನಂಬರ್ ಪರಿಚಯದವರದ್ದೇ ಇರಬಹುದು, ಯಾಕೆಂದರೆ ಅವರ ಫೋನ್ ಆಗಲೇ ಕಳ್ಳರ ವಶದಲ್ಲಿರುತ್ತದೆ. ಇನ್‌ಸ್ಟಾಲ್ ಮಾಡಿದರೆ ಎಸ್‌ಎಂಎಸ್ ಓದಲು ಅನುಮತಿ ಕೇಳುತ್ತದೆ. ಕೊಟ್ಟಿರೋ, ಒಟಿಪಿ ನಿಮಗಿಂತ ಮೊದಲು ಅವರಿಗೆ ತಲುಪುತ್ತದೆ. ಇಲ್ಲಿ ಸಿಮ್ ಬದಲಾಗುವುದೇ ಇಲ್ಲ, ಹಾಗಾಗಿ ಮೇಲಿನ ನಿಯಮಗಳು ಯಾವುವೂ ಉಪಯೋಗಕ್ಕೆ ಬರುವುದಿಲ್ಲ. ಇನ್ನು ತೀರ್ಥಹಳ್ಳಿ ಆಚೆಯ ನಮ್ಮೂರಲ್ಲಿ ಮಳೆಗಾಲದಲ್ಲಿ ಟವರ್ ಇದ್ದರೆ ಉಂಟು, ಇಲ್ಲದಿದ್ದರೆ ಇಲ್ಲ. ಮನೆಯಲ್ಲಿ ವೈಫೈ ಇದ್ದರೂ ಒಟಿಪಿ ಬರುವಷ್ಟರಲ್ಲಿ ಅದರ ಅವಧಿ ಮುಗಿದಿರುತ್ತದೆ.

ಆಥೆಂಟಿಕೇಟರ್ ಆ್ಯಪ್‌ಗೆ ಈ ತೊಂದರೆ ಇಲ್ಲ. ಫೋನ್ ಏರ್‌ಪ್ಲೇನ್ ಮೋಡ್‌ನಲ್ಲಿದ್ದರೂ ಕೋಡ್ ಸಿಗುತ್ತದೆ. ಸೆಟಪ್ ಮಾಡುವಾಗ ಎಕ್ಸ್‌ಚೇಂಜ್ ಒಂದು ಕ್ಯೂಆರ್ ಕೋಡ್ ತೋರಿಸುತ್ತದೆ. ಅದರೊಳಗೆ ಒಂದು ಗುಟ್ಟಿನ ಕೀ ಇದೆ. ಆ ಕೀ ಮತ್ತು ಗಡಿಯಾರದ ಸಮಯ ಎರಡನ್ನೂ ಸೇರಿಸಿ ಲೆಕ್ಕ ಹಾಕಿ 30 ಸೆಕೆಂಡಿಗೊಂದು 6 ಅಂಕಿಯ ಕೋಡ್ ಹುಟ್ಟುತ್ತದೆ. ಅದಕ್ಕೇ ಫೋನ್ ಗಡಿಯಾರ ತಪ್ಪಿದ್ದರೆ ಸರಿಯಾದ ಕೋಡ್ ಹಾಕಿದರೂ 'ತಪ್ಪು' ಅನ್ನುತ್ತದೆ. ಸಮಯವನ್ನು ಆಟೊಮ್ಯಾಟಿಕ್‌ಗೆ ಇಟ್ಟುಬಿಡಿ.

ಆ ಕ್ಯೂಆರ್ ಪರದೆಯಲ್ಲಿ ಸ್ವಲ್ಪ ನಿಲ್ಲಬೇಕು. ಚೌಕದ ಕೆಳಗೆ ದೊಡ್ಡ ಅಕ್ಷರ ಮತ್ತು ಅಂಕಿಗಳ ಒಂದು ಉದ್ದನೆಯ ಸಾಲು ಇರುತ್ತದೆ. ಅದೇ ಆ ಕೀ. ಹೆಚ್ಚಿನವರು ಸ್ಕ್ಯಾನ್ ಮಾಡಿ ಮುಂದಕ್ಕೆ ಒತ್ತುತ್ತಾರೆ. ನಾನು ಅದನ್ನು ಪೆನ್ನಿನಲ್ಲಿ ಕಾಗದದ ಮೇಲೆ ಬರೆದು, ಬರೆದದ್ದನ್ನೇ ಇನ್ನೊಂದು ಫೋನ್‌ನಲ್ಲಿ ಟೈಪ್ ಮಾಡಿ, ಎರಡರಲ್ಲೂ ಒಂದೇ ಕೋಡ್ ಬರುತ್ತದೆಯೇ ನೋಡುತ್ತೇನೆ. ಆಮೇಲೆ ಆ ಕಾಗದ ಮನೆಯ ಕಾಗದಪತ್ರಗಳ ಜೊತೆ ಲಾಕರಿಗೆ. ಸ್ಕ್ರೀನ್‌ಶಾಟ್ ಬೇಡವೇ ಬೇಡ, ಅದು ಸುಮ್ನೆ ಫೋಟೋ ಬ್ಯಾಕಪ್ ಸೇರಿಕೊಂಡು ಕೂರುತ್ತದೆ. ಫೋನ್ ಕಳೆದಾಗ ಈ ಕಾಗದ ಇಲ್ಲದಿದ್ದರೆ ಎಕ್ಸ್‌ಚೇಂಜ್‌ನ ಸಪೋರ್ಟ್‌ಗೆ ಸೆಲ್ಫಿ, ಗುರುತಿನ ಚೀಟಿ ಕಳಿಸಿ ಕಾಯುತ್ತಾ ಕೂರಬೇಕು.

ಆ್ಯಪ್‌ಗಳಲ್ಲಿ ಗೂಗಲ್ ಆಥೆಂಟಿಕೇಟರ್ ಸರಳ. 2023ರ ಏಪ್ರಿಲ್‌ನಿಂದ ಅದು ಕೀಗಳನ್ನು ಗೂಗಲ್ ಖಾತೆಗೆ ಸಿಂಕ್ ಮಾಡುತ್ತದೆ. ಅನುಕೂಲವೇನೋ ಹೌದು, ಆದರೆ ಆಮೇಲೆ ಎಲ್ಲ ಭಾರ ಆ ಜಿಮೇಲ್ ಮೇಲೆ. ನನಗೆ ಆಂಡ್ರಾಯ್ಡ್‌ನಲ್ಲಿ ಏಜಿಸ್ ಹಿಡಿಸಿತು. ಬ್ಯಾಕಪ್ ಫೈಲನ್ನು ಪಾಸ್‌ವರ್ಡ್ ಹಾಕಿ ಎನ್‌ಕ್ರಿಪ್ಟ್ ಮಾಡುತ್ತದೆ, ಅದನ್ನು ಎಲ್ಲಿಡಬೇಕು ಅನ್ನುವುದು ನನ್ನ ಕೈಯಲ್ಲಿದೆ.

ಇಷ್ಟೆಲ್ಲ ಇದ್ದರೂ ನನ್ನ ಮುಖ್ಯ ಪ್ರಶ್ನೆಗೆ ಆಥೆಂಟಿಕೇಟರ್‌ನ ಉತ್ತರ 'ಇಲ್ಲ'. ನಕಲಿ ಸೈಟ್‌ನಲ್ಲಿ ನೀವು ಹಾಕಿದ ಕೋಡನ್ನು ಕಳ್ಳನ ಸಾಫ್ಟ್‌ವೇರ್ ಆ ಕ್ಷಣದಲ್ಲೇ ಅಸಲಿ ಸೈಟ್‌ಗೆ ಹಾಕುತ್ತದೆ. 30 ಸೆಕೆಂಡ್ ಅದಕ್ಕೆ ಧಾರಾಳ. ಕಳ್ಳ ಫೋನ್ ಮಾಡಿ ಕೋಡ್ ಕೇಳಿದರೂ ಅಷ್ಟೇ. 2025ರ ಮೇ ತಿಂಗಳಲ್ಲಿ ಅಮೆರಿಕದ ಎಕ್ಸ್‌ಚೇಂಜ್ ಕಾಯಿನ್‌ಬೇಸ್ ತಾನೇ ಒಪ್ಪಿಕೊಂಡಿತು: ವಿದೇಶದ ಸಪೋರ್ಟ್ ಸಿಬ್ಬಂದಿಗೆ ಲಂಚ ಕೊಟ್ಟು ಗ್ರಾಹಕರ ಮಾಹಿತಿ ಕದ್ದಿದ್ದಾರೆ ಅಂತ. ಅಂಥ ಮಾಹಿತಿ ಹಿಡಿದುಕೊಂಡ ಕಳ್ಳ ನಿಮ್ಮ ಹೆಸರು, ವಿಳಾಸ, ಖಾತೆಯ ವಿವರ ಎಲ್ಲ ಸರಿಯಾಗಿ ಹೇಳಿ, "ಸರ್, ನಿಮ್ಮ ಖಾತೆಗೆ ಯಾರೋ ನುಗ್ಗುತ್ತಿದ್ದಾರೆ, ಕೋಡ್ ಹೇಳಿ, ತಡೆಯುತ್ತೇವೆ" ಅಂದರೆ ಎಂಥವರೂ ಹೇಳಿಬಿಡಬಹುದು, ಅಲ್ವಾ?

ಪಾಸ್‌ಕೀ ಗೆಲ್ಲುವುದು ಇಲ್ಲೇ. ಅದು ನಿಮ್ಮ ಫೋನ್ ಅಥವಾ ಕಂಪ್ಯೂಟರ್ ಕಾಪಾಡುವ ಒಂದು ಗುಟ್ಟಿನ ಕೀ, ಅದರಲ್ಲಿ ಹೇಳಲು ಕೋಡೇ ಇಲ್ಲ. ಲಾಗಿನ್ ಒತ್ತಿದರೆ ಬೆರಳಚ್ಚು ಅಥವಾ ಫೋನ್ ಪಿನ್ ಕೇಳುತ್ತದೆ, ಒಳಗೆ ಹೋಗುತ್ತೀರಿ, ಅಷ್ಟೇ. ಪಾಸ್‌ಕೀ ಯಾವ ಸೈಟ್ ವಿಳಾಸಕ್ಕೆ ಸೃಷ್ಟಿಯಾಗಿದೆಯೋ ಅದಕ್ಕೆ ಮಾತ್ರ ಕೆಲಸ ಮಾಡುತ್ತದೆ. ವಿಳಾಸದಲ್ಲಿ ಒಂದು ಅಕ್ಷರ ಹೆಚ್ಚುಕಡಿಮೆಯಾದರೂ ಬ್ರೌಸರ್ ಅದನ್ನು ಹೊರಗೆ ತೆಗೆಯುವುದಿಲ್ಲ. ನನ್ನ ಕಣ್ಣು ಮೋಸ ಹೋಗಬಹುದು, ಬ್ರೌಸರ್ ಹೋಗುವುದಿಲ್ಲ. ವೇಗದಲ್ಲೂ ಇದೇ ಮುಂದೆ.

ಕೊರತೆ ಎರಡು. ಪಾಸ್‌ಕೀ ಗೂಗಲ್ ಅಥವಾ ಆ್ಯಪಲ್ ಖಾತೆಯಲ್ಲಿ ಸಿಂಕ್ ಆಗುವುದರಿಂದ ಆ ಖಾತೆಯನ್ನು ಜೋಪಾನ ಮಾಡಬೇಕು. ಫೋನ್ ಪಿನ್ 1234 ಇದ್ದರೆ ಪಾಸ್‌ಕೀಯ ಬಲವೂ ಅಷ್ಟೇ. ಎರಡನೆಯದು ಇನ್ನೂ ದೊಡ್ಡದು. ಲಾಗಿನ್ ಪುಟದಲ್ಲಿ 'ಬೇರೆ ವಿಧಾನ ಬಳಸಿ' ಅಂತ ಒಂದು ಸಾಲು ಇರುತ್ತದೆ. ಅದನ್ನು ಒತ್ತಿದರೆ ಎಸ್‌ಎಂಎಸ್ ಒಟಿಪಿಯಿಂದಲೇ ಒಳಗೆ ಹೋಗಬಹುದು ಅಂದರೆ, ಕಳ್ಳ ಪಾಸ್‌ಕೀ ಗೋಜಿಗೇ ಬರುವುದಿಲ್ಲ. ಮುಂಬಾಗಿಲಿಗೆ ಗೋದ್ರೇಜ್ ಬೀಗ ಹಾಕಿ ಹಿತ್ತಿಲ ಬಾಗಿಲಿಗೆ ದಾರ ಕಟ್ಟಿದ ಹಾಗೆ. ಪಾಸ್‌ಕೀ ಹಾಕಿದ ದಿನವೇ ಲಾಗ್‌ಔಟ್ ಆಗಿ, ಅದನ್ನು ಬಿಟ್ಟು ಬೇರೆ ದಾರಿಯಲ್ಲಿ ಹೋಗಲು ಪ್ರಯತ್ನಿಸಿ ನೋಡಿ. ಎಸ್‌ಎಂಎಸ್ ತೆಗೆಯಲು ಅವಕಾಶ ಇದ್ದರೆ ತೆಗೆಯಿರಿ. ನಾನು ಬಳಸುವ ಭಾರತೀಯ ಎಕ್ಸ್‌ಚೇಂಜ್ ಪಾಸ್‌ಕೀಯನ್ನೇ ಕೊಟ್ಟಿಲ್ಲ. ಜನರ ಉಳಿತಾಯ ಇಟ್ಟುಕೊಳ್ಳುವವರು ಇದನ್ನು ಕೊಡಲೇಬೇಕು ಅನ್ನುವುದು ನನ್ನ ಅಭಿಪ್ರಾಯ.

ಯೂಬಿಕೀಯಂಥ ಸೆಕ್ಯುರಿಟಿ ಕೀ ಇದೇ ತಂತ್ರದ್ದು. ಗುಟ್ಟು ಮಾತ್ರ ಕೀಗೊಂಚಲಿನಲ್ಲಿರುವ ಆ ಪುಟ್ಟ ಸಾಧನ ಬಿಟ್ಟು ಆಚೆ ಬರುವುದಿಲ್ಲ. ಕಂಪ್ಯೂಟರಿಗೆ ಸಿಕ್ಕಿಸಿ ಹೊಳೆಯುವ ಲೋಹದ ಚುಕ್ಕಿ ಮುಟ್ಟಬೇಕು. ಒಂದು ಕೀಗೆ ಕೆಲವು ಸಾವಿರ ರೂಪಾಯಿ. ಕಳೆದುಹೋದರೆ ಅಂತ ಎರಡು ಕೊಳ್ಳಲೇಬೇಕು. ದೊಡ್ಡ ಮೊತ್ತ ಇಟ್ಟವರಿಗೆ ಸರಿ, ತಿಂಗಳಿಗೆ ಸಾವಿರ ರೂಪಾಯಿ ಹಾಕುವವರಿಗೆ ಪಾಸ್‌ಕೀ ಸಾಕು.

ಒಟ್ಟಿನಲ್ಲಿ ನನ್ನ ಆಯ್ಕೆ ಹೀಗೆ. ಪಾಸ್‌ಕೀ ಇದ್ದಲ್ಲಿ ಪಾಸ್‌ಕೀ. ಇಲ್ಲದಲ್ಲಿ ಆಥೆಂಟಿಕೇಟರ್, ಜೊತೆಗೆ ವಿತ್‌ಡ್ರಾ ವಿಳಾಸದ ವೈಟ್‌ಲಿಸ್ಟ್. ಈ ವೈಟ್‌ಲಿಸ್ಟ್ ಆನ್ ಮಾಡಿದರೆ ನೀವು ಮೊದಲೇ ಸೇರಿಸಿದ ವಾಲೆಟ್‌ಗಳಿಗೆ (ಕ್ರಿಪ್ಟೋ ಇಡುವ ಜಾಗಗಳಿಗೆ) ಮಾತ್ರ ಕ್ರಿಪ್ಟೋ ಹೋಗುತ್ತದೆ. ಹಲವು ಎಕ್ಸ್‌ಚೇಂಜ್‌ಗಳಲ್ಲಿ ಹೊಸ ವಿಳಾಸ ಸೇರಿಸಿದರೆ 24 ಗಂಟೆ ಕಾಯಿಸುತ್ತಾರೆ. ಕಳ್ಳ ಒಳಗೆ ಬಂದರೂ ಎಚ್ಚೆತ್ತುಕೊಳ್ಳಲು ನಿಮಗೆ ಒಂದು ದಿನ ಸಿಗುತ್ತದೆ. ಎಸ್‌ಎಂಎಸ್ ಒಂದನ್ನೇ ನಂಬುವುದು ಬೇರೇನೂ ಇಲ್ಲದಾಗ ಮಾತ್ರ. ಪಾಸ್‌ವರ್ಡ್ ರೀಸೆಟ್ ಲಿಂಕ್ ಬರುವ ಇಮೇಲ್‌ಗೂ ಇದೇ ಬೀಗ ಹಾಕಿ. ಎಕ್ಸ್‌ಚೇಂಜ್‌ಗೆ ಹಾಕುವ ಮೊದಲೇ ಹಾಕಿ.

ಆದರೆ ಇವೆಲ್ಲ ಕಾಯುವುದು ನಮ್ಮ ಖಾತೆಯ ಬಾಗಿಲನ್ನು ಮಾತ್ರ. 2024ರ ಜುಲೈ 18ರಂದು ಭಾರತದ ಎಕ್ಸ್‌ಚೇಂಜ್ ವಜೀರ್‌ಎಕ್ಸ್‌ನಲ್ಲಿ ಹೋಗಿದ್ದು ಕಂಪನಿಯ ವಾಲೆಟ್‌ನಿಂದ, ಸುಮಾರು 23 ಕೋಟಿ ಡಾಲರ್. ಗ್ರಾಹಕರ ಪಾಸ್‌ವರ್ಡ್, ಒಟಿಪಿಗೂ ಅದಕ್ಕೂ ಸಂಬಂಧವೇ ಇರಲಿಲ್ಲ. ಆದರೂ ಅವರ ಕ್ರಿಪ್ಟೋ ವರ್ಷಕ್ಕೂ ಹೆಚ್ಚು ಕಾಲ ಒಳಗೇ ಸಿಕ್ಕಿಹಾಕಿಕೊಂಡಿತು. ಅದಕ್ಕೇ ನಾನು ಎಕ್ಸ್‌ಚೇಂಜ್‌ನಲ್ಲಿ ಬಿಡುವುದು ಸದ್ಯದಲ್ಲಿ ಮಾರಬೇಕೆಂದಿರುವಷ್ಟನ್ನು ಮಾತ್ರ. ಉಳಿದದ್ದು ನನ್ನದೇ ಹಾರ್ಡ್‌ವೇರ್ ವಾಲೆಟ್‌ಗೆ, ಅಂದರೆ ಕ್ರಿಪ್ಟೋದ ಕೀ ನನ್ನ ಕೈಯಲ್ಲೇ ಇರುವ ಪುಟ್ಟ ಸಾಧನಕ್ಕೆ, ಹೋಗುತ್ತದೆ. ಕಳಿಸುವಾಗ ಮೊದಲು ಒಂದು ಸಣ್ಣ ಮೊತ್ತ, ಅದು ತಲುಪಿದ ಮೇಲೆ ಮಿಕ್ಕಿದ್ದು.