ಹಿನ್ನೀರಿನ ಮೀನುಬೇಟೆಗೆ ಸರ್ಕ್ಯೂಟ್ ಕೋಟಿಂಗ್ ಸ್ಪ್ರೇ: ಬಳಸಿ ನೋಡಿದ ಮೇಲೆ

ಮುನಿರಾಬಾದ್ ಕಡೆಯಿಂದ ತುಂಗಭದ್ರಾ ಹಿನ್ನೀರಿಗೆ ಗಾಳ ಹಾಕಲು ಹೋಗುವವರ ಚೀಲದಲ್ಲಿ ಈಗ ಬ್ಯಾಟರಿ ಸಾಮಾನೇ ಜಾಸ್ತಿ. ತಲೆಗೆ ಕಟ್ಟುವ ಎಲ್‌ಇಡಿ ಲೈಟು, ಪವರ್ ಬ್ಯಾಂಕು, ನೀರಿನ ಆಳ ಮತ್ತು ಮೀನು ತೋರಿಸುವ ಫಿಶ್ ಫೈಂಡರ್. ಎಲ್ಲದಕ್ಕೂ ಒಂದೇ ಕಾಯಿಲೆ, ನೀರು. ಅದಕ್ಕೆ ಅಂತ ನಾನು ತಂದದ್ದು ಅಕ್ರಿಲಿಕ್ ಕನ್ಫಾರ್ಮಲ್ ಕೋಟಿಂಗ್ ಸ್ಪ್ರೇ, ಅಂದರೆ ಸರ್ಕ್ಯೂಟ್ ಬೋರ್ಡಿನ ಮೇಲೆ ತೆಳ್ಳನೆಯ ಪ್ಲಾಸ್ಟಿಕ್ ಪದರ ಕಟ್ಟುವ ಸ್ಪ್ರೇ. 2024ರ ಆಗಸ್ಟ್‌ನಲ್ಲಿ ಡ್ಯಾಮಿನ 19ನೇ ಗೇಟು ಕೊಚ್ಚಿಹೋಯಿತಲ್ಲ, ಹೆಚ್ಚುಕಮ್ಮಿ ಆ ಹೊತ್ತಿನಲ್ಲಿ ಕೊಂಡಿದ್ದು. ಆಗಿನಿಂದ ಬಳಸುತ್ತಲೇ ಇದ್ದೇನೆ.

ಮೊದಲೇ ಹೇಳಿಬಿಡುತ್ತೇನೆ. ಸ್ಪ್ರೇ ಒಳ್ಳೆಯದೇ. ಆದರೆ ಕೆಟ್ಟು ಕೂತ ಸಾಮಾನಿಗೆ ಅದು ಜೀವ ಕೊಡಲ್ಲ. ಬೋರ್ಡನ್ನು ತೊಳೆದು ಒಣಗಿಸಿದ ಮೇಲೆ ಹೊಡೆಯಬೇಕು. ತೊಳೆಯದೆ ಹೊಡೆದರೆ ಒಳಗಿನ ತೇವವನ್ನೂ ಕೊಳೆಯನ್ನೂ ನಾವೇ ಒಳಗೆ ಕೂಡಿಹಾಕಿದಂತೆ.

ನನ್ನ ಫಿಶ್ ಫೈಂಡರ್ ಎರಡು ಭಾಗದ್ದು. ಒಂದು ನೀರಿಗೆ ಎಸೆಯುವ ಚೆಂಡು, ಇನ್ನೊಂದು ಕೈಯಲ್ಲಿ ಹಿಡಿಯುವ ಸ್ಕ್ರೀನು. ಚೆಂಡಿನಲ್ಲಿ ಎರಡು ಲೋಹದ ಗುಂಡಿಗಳಿವೆ. ನೀರು ಎರಡನ್ನೂ ಮುಟ್ಟಿದರೆ ಸಾಕು, ತಾನೇ ಆನ್ ಆಗುತ್ತದೆ. ಮನೆಗೆ ಹೊರಡುವಾಗ ಚೆಂಡನ್ನು ಒದ್ದೆಯಾಗೇ ಚೀಲಕ್ಕೆ ತುರುಕಿದರೆ ಚೀಲದೊಳಗೂ ಅದು ಆನ್ ಆಗೇ ಇರುತ್ತದೆ. ಬ್ಯಾಟರಿ ಖಾಲಿಯಾಗುವುದು ಹಾಗಿರಲಿ, ಕರೆಂಟು ಹರಿದು ಲೋಹವೇ ಸವೆಯುತ್ತದೆ. ನಮ್ಮ ಜೊತೆ ಬರುವ ಒಬ್ಬರ ಚೆಂಡು ನೋಡಿದೆ. ಒಂದು ಗುಂಡಿ ಹೊಸದರಂತೆ ಹೊಳೆಯುತ್ತಿತ್ತು, ಪಕ್ಕದ್ದು ಕಪ್ಪು-ಹಸಿರಾಗಿ ತಿಂದುಹೋಗಿತ್ತು. ಈ ಗುಂಡಿಗಳಿಗೆ ಸ್ಪ್ರೇ ತಾಗಲೇಬಾರದು, ತಾಗಿದರೆ ಚೆಂಡು ಆನ್ ಆಗುವುದೇ ಇಲ್ಲ. ಒಣ ಬಟ್ಟೆಯಲ್ಲಿ ಒರೆಸಿ ಇಡಿ, ಸಾಕು.

ತೊಂದರೆ ಜಾಸ್ತಿ ಇರುವುದು ಸ್ಕ್ರೀನಿನ ಭಾಗಕ್ಕೆ. ಇಂಥ ಸಾಮಾನಿನ ಡಬ್ಬದ ಮೇಲೆ ಐಪಿಎಕ್ಸ್7 ಅಂತ ದೊಡ್ಡದಾಗಿ ಬರೆದಿರುತ್ತಾರೆ. ಒಂದು ಮೀಟರ್ ಆಳದ ನೀರಿನಲ್ಲಿ 30 ನಿಮಿಷ ತಡೆಯುತ್ತದೆ ಅನ್ನುವ ಲೆಕ್ಕ ಅದು. ಪರೀಕ್ಷೆ ನಡೆಯುವುದು ಹೊಸ ಸಾಮಾನಿಗೆ, ನಿಂತ ಶುದ್ಧ ನೀರಿನಲ್ಲಿ. ಹರಿಗೋಲಿನ ತಳದಲ್ಲಿ ಬಲೆಯಿಂದ ಸೋರಿದ ನೀರು, ಕಾಲಿನ ಕೆಸರು, ಮೀನಿನ ಲೋಳೆ ಎಲ್ಲ ಸೇರಿ ನಿಂತಿರುತ್ತದೆ. ಚಾರ್ಜಿಂಗ್ ಬಾಯಿಯ ರಬ್ಬರ್ ಮುಚ್ಚಳ ಸ್ವಲ್ಪ ಸಡಿಲಾದರೂ ಆ ಅಂಕಿಗೆ ಬೆಲೆ ಇಲ್ಲ. ನನ್ನ ಸ್ಕ್ರೀನಿಗೆ ನೀರು ಹೊಕ್ಕಿದ್ದೂ ಅಲ್ಲಿಂದಲೇ.

ಗಂಗಾವತಿಯ ಒಂದು ಮೊಬೈಲ್ ರಿಪೇರಿ ಅಂಗಡಿಗೆ ಒಯ್ದೆ. ಹುಡುಗ ಬಿಚ್ಚುವ ಮೊದಲೇ ಕೇಳಿದ, "ಅಣ್ಣಾರ, ಅಕ್ಕಿಯಾಗೇನರ ಇಟ್ಟಿದ್ರೇನ್ರಿ?" ಇಲ್ಲ ಅಂದೆ. ಅವನ ಮೇಜಿನ ಮೇಲೆ ಯಾರದೋ ಫೋನು ಬಿದ್ದಿತ್ತು, ಅದರ ಚಾರ್ಜಿಂಗ್ ತೂತಿನಲ್ಲಿ ನುಚ್ಚು ಸಿಕ್ಕಿಕೊಂಡಿತ್ತು. ಗಂಗಾವತಿ ಸೋನಾ ಮಸೂರಿ ಊಟಕ್ಕೆ ಸರಿ, ಸರ್ಕ್ಯೂಟಿಗಲ್ಲ. ಒದ್ದೆ ಫೋನನ್ನು ಅಕ್ಕಿಯಲ್ಲಿ ಇಡಬೇಡಿ ಅಂತ ಆಪಲ್ ಕಂಪನಿಯವರೇ ಹೇಳಿದ್ದಾರೆ, ಅಕ್ಕಿಯ ಪುಡಿ ಒಳಗೆ ಹೋಗುತ್ತದೆ ಅಂತ.

ಆ ಹುಡುಗ ಮಾಡಿದ್ದನ್ನು ನೋಡಿಯೇ ನಾನೂ ಕಲಿತೆ. ಮೊದಲು ಬ್ಯಾಟರಿ ಕಳಚಿದ. ನೀರಿಗಿಂತ, ನೀರಿದ್ದಾಗ ಹರಿಯುವ ಕರೆಂಟೇ ಜಾಸ್ತಿ ಹಾಳು ಮಾಡುವುದು. ಆಮೇಲೆ 99% ಐಪಿಎ, ಅಂದರೆ ಐಸೊಪ್ರೊಪೈಲ್ ಆಲ್ಕೋಹಾಲ್, ಹಾಕಿ ಮೆತ್ತನೆಯ ಹಳೆ ಟೂತ್‌ಬ್ರಷ್‌ನಿಂದ ಉಜ್ಜಿದ. ಚಾರ್ಜಿಂಗ್ ಬಾಯಿಯ ಕಾಲುಗಳ (ಪಿನ್‌ಗಳ) ಸುತ್ತ ಕಟ್ಟಿದ್ದ ಹಸಿರು ತುಕ್ಕಿನ ಪುಡಿ ಸಡಿಲಾಗಿ ಬ್ರಷ್ಷಿಗೆ ಬಂತು. ತೆಳ್ಳಗಾಗಿದ್ದ ಒಂದು ಕಾಲಿಗೆ ಹೊಸ ಬೆಸುಗೆ ಹಾಕಿದ. ಮೆಡಿಕಲ್ ಶಾಪಿನ 70% ಸ್ಪಿರಿಟ್ ಇದಕ್ಕೆ ಬೇಡ, ಉಳಿದ 30% ನೀರೇ ಅಲ್ವಾ? ಐಪಿಎ ಬೆಂಕಿ ಹತ್ತುವ ವಸ್ತು, ಒಲೆ ಹತ್ತಿರ ಸುಳಿಯಬಾರದು. ಸ್ಕ್ರೀನಿನ ಗಾಜಿನ ಮೇಲೂ ಸುರಿಯಬೇಡಿ, ಮೇಲಿನ ಪದರ ಮಬ್ಬಾಗಬಹುದು. ಒಣಗಿಸುವುದು ಫ್ಯಾನಿನ ಕೆಳಗೆ, ನಮ್ಮ ಬಿಸಿಲಿನಲ್ಲಿ ಅಲ್ಲ. ಇಲ್ಲಿ ಬೇಸಿಗೆಯಲ್ಲಿ 40 ಡಿಗ್ರಿ ದಾಟುತ್ತದೆ, ಕಾದ ಬಂಡೆ ಮೇಲಿಟ್ಟರೆ ಒಳಗಿನ ಅಂಟೇ ಬಿಟ್ಟುಕೊಳ್ಳುತ್ತದೆ.

ಸ್ಪ್ರೇ ಬಂದದ್ದು ಇಷ್ಟಾದ ಮೇಲೆ. ಚಾರ್ಜಿಂಗ್ ಬಾಯಿ, ಬಟನ್, ಕನೆಕ್ಟರ್ ಎಲ್ಲಕ್ಕೂ ಟೇಪ್ ಹಚ್ಚಿ, ತೆಳ್ಳಗೆ ಒಂದು ಸಲ, ಒಣಗಿದ ಮೇಲೆ ಅಡ್ಡಡ್ಡ ಇನ್ನೊಂದು ಸಲ. ನನ್ನ ಡಬ್ಬಿಯಲ್ಲಿ ಯುವಿ ಬೆಳಕಿಗೆ ಹೊಳೆಯುವ ಬಣ್ಣ ಸೇರಿದೆ. ನೋಟು ಪರೀಕ್ಷಿಸುವ ಚಿಕ್ಕ ಟಾರ್ಚು ಹಿಡಿದರೆ ಸ್ಪ್ರೇ ಬಿದ್ದಲ್ಲೆಲ್ಲ ನೀಲಿ. ಬೋರ್ಡಿನ ಚಿಪ್‌ನ ಒಂದು ಬದಿಯ ಕಾಲುಗಳು ಕಪ್ಪಾಗೇ ಉಳಿದಿದ್ದು ಗೊತ್ತಾಗಿದ್ದು ಹೀಗೇ. ಈ ಗುಣ ಇಲ್ಲದ ಡಬ್ಬಿ ಕೊಳ್ಳಬೇಡಿ ಅಂತಲೇ ಹೇಳುತ್ತೇನೆ.

ಫಲ ಏನು? ತಲೆಲೈಟು ಎಷ್ಟೋ ಸಲ ನೀರಿಗೆ ಬಿದ್ದಿದೆ, ಇನ್ನೂ ಉರಿಯುತ್ತಿದೆ. ಸ್ಕ್ರೀನನ್ನು ಈಚೆಗೆ ಬಿಚ್ಚಿದಾಗ ಒಳಗೆ ಸ್ವಲ್ಪ ತೇವ ಕಂಡಿತು, ಹಸಿರು ಮಾತ್ರ ಇರಲಿಲ್ಲ. ಅಂದರೆ ಸ್ಪ್ರೇ ನೀರನ್ನು ಹೊರಗೆ ತಡೆಯುತ್ತಿಲ್ಲ, ಹೊಕ್ಕ ನೀರು ಬೋರ್ಡನ್ನು ತಿನ್ನದಂತೆ ನೋಡಿಕೊಳ್ಳುತ್ತಿದೆ. ಹೊರಗೆ ತಡೆಯಲು ಮುಚ್ಚಳದ ರಬ್ಬರ್ ಅಂಚಿಗೆ ಚೂರು ಸಿಲಿಕೋನ್ ಗ್ರೀಸ್ ಸವರುತ್ತೇನೆ. ವ್ಯಾಸಲೀನ್ ಬೇಡ, ಕೆಲವು ರಬ್ಬರ್ ಅದಕ್ಕೆ ಊದಿಕೊಳ್ಳುತ್ತವೆ.

ಬೇಜಾರಿನ ವಿಷಯಗಳೂ ಇವೆ. ವಾಸನೆ ತಲೆನೋವು ತರಿಸುತ್ತದೆ, ಅಂಗಳದಲ್ಲೇ ಹೊಡೆಯಬೇಕು. ಕೆಲಸ ಮುಗಿದ ಮೇಲೆ ಡಬ್ಬಿ ತಲೆಕೆಳಗು ಮಾಡಿ ಬರೀ ಗ್ಯಾಸ್ ಬರುವ ತನಕ ಒತ್ತದಿದ್ದರೆ ಮೂತಿ ಕಟ್ಟಿಕೊಳ್ಳುತ್ತದೆ. 50 ಡಿಗ್ರಿ ಮೀರಬಾರದು ಅಂತ ಡಬ್ಬಿ ಮೇಲೆ ಬರೆದಿದೆ, ಹಾಗಾಗಿ ಬೇಸಿಗೆಯಲ್ಲಿ ಬೈಕಿನ ಡಿಕ್ಕಿಯಲ್ಲಾಗಲಿ ನಿಂತ ಕಾರಿನಲ್ಲಾಗಲಿ ಇಡುವಂತಿಲ್ಲ. ಮುಂದೆ ಬೆಸುಗೆ ಕೆಲಸ ಬಂದರೆ ಪದರವನ್ನು ಥಿನ್ನರ್‌ನಿಂದ ಕರಗಿಸಬೇಕು, ರಿಪೇರಿಯವರು ಗೊಣಗುತ್ತಾರೆ. ಫೋನಿಗೆ ನಾನು ಹೊಡೆದಿಲ್ಲ, ಹೊಡೆಯುವುದೂ ಇಲ್ಲ. ಅದಕ್ಕೆ ಕತ್ತಿಗೆ ನೇತುಹಾಕುವ ಜಿಪ್ ಚೀಲವೇ ವಾಸಿ. ನೀರು ಹೊಕ್ಕ ಪವರ್ ಬ್ಯಾಂಕನ್ನಂತೂ ಯಾವ ಸ್ಪ್ರೇಯೂ ಉಳಿಸಲ್ಲ. ಅದನ್ನು ಮತ್ತೆ ಚಾರ್ಜಿಗೆ ಹಾಕಬೇಡಿ, ಲಿಥಿಯಂ ಬ್ಯಾಟರಿ ಹೊತ್ತಿಕೊಳ್ಳಬಹುದು. ವಾರಂಟಿ ಇರುವ ಸಾಮಾನಿನ ಸ್ಕ್ರೂ ಬಿಚ್ಚುವ ಮುಂಚೆ ಎರಡು ಸಲ ಯೋಚಿಸಿ, ಬಿಚ್ಚಿದರೆ ಸಾಮಾನ್ಯವಾಗಿ ವಾರಂಟಿ ಹೋಯಿತು ಅಂತಲೇ ಲೆಕ್ಕ.

ಡಬ್ಬಿ ಖಾಲಿಯಾಗುತ್ತಾ ಬಂದಿದೆ. ಅಂಗೈಗಿಂತ ಚಿಕ್ಕ ಬೋರ್ಡಿಗೆ ಹೊಡೆಯುವಾಗ ಅರ್ಧ ಗಾಳಿಗೇ ಹೋಗುತ್ತದೆ. ಮುಂದಿನ ಸಲ ಇದೇ ದ್ರಾವಣದ, ಬ್ರಷ್‌ನಲ್ಲಿ ಹಚ್ಚುವ ಚಿಕ್ಕ ಬಾಟಲಿ ತರಿಸುತ್ತೇನೆ.