ಬೀಟಾ ಕ್ಯಾರೋಟಿನ್ ಪಾನೀಯಕ್ಕೆ ಸೇರಿಸಲು ಮೂರು ದಾರಿ: ಯಾವುದು ವಾಸಿ?

ಕ್ಯಾರೆಟ್‌ಗೆ ಕಿತ್ತಳೆ ಬಣ್ಣ ಕೊಡುವ, ದೇಹದಲ್ಲಿ ವಿಟಮಿನ್ ಎ ಆಗುವ ಬೀಟಾ ಕ್ಯಾರೋಟಿನ್ ನೀರಲ್ಲಿ ಕರಗುವುದಿಲ್ಲ. ಎಣ್ಣೆಯಲ್ಲೂ ಬಿಸಿ ಮಾಡದೆ ಸರಿಯಾಗಿ ಬೆರೆಯುವುದಿಲ್ಲ. ಅದನ್ನು ಪಾನೀಯಕ್ಕೆ ಸೇರಿಸುವ ಮೂರು ವಿಧಾನಗಳನ್ನು ಲ್ಯಾಬಿನಲ್ಲಿ ಅಕ್ಕಪಕ್ಕ ಇಟ್ಟು ನೋಡಿದೆ.

ಮೊದಲನೆಯದು ಮಾಮೂಲಿ ಎಮಲ್ಷನ್, ಅಂದರೆ ನೀರಲ್ಲಿ ಎಣ್ಣೆಯ ಹನಿಗಳನ್ನು ಹರಡಿದ ಮಿಶ್ರಣ. ಮೆಕ್ಕೆಜೋಳದ ಎಣ್ಣೆ, ನೀರು, ಎರಡನ್ನೂ ಬೆಸೆಯುವ ಲೆಸಿಥಿನ್ ಹಾಕಿ ಮಿಕ್ಸರ್ ಓಡಿಸಿದರೆ ಮುಗೀತು. ಆದರೆ ಹನಿಗಳು ದೊಡ್ಡವು. ಬೆಳಗಾಗುವಷ್ಟರಲ್ಲಿ ಬಾಟಲಿಯ ಕುತ್ತಿಗೆಯಲ್ಲಿ ಕಿತ್ತಳೆ ಬಣ್ಣದ ಉಂಗುರ ಕೂತಿತ್ತು. ಹನಿಯ ವ್ಯಾಸ 10 ಪಟ್ಟು ಇಳಿದರೆ ಅದು ಮೇಲೇರುವ ವೇಗ 100 ಪಟ್ಟು ಇಳಿಯುತ್ತದೆ. ನ್ಯಾನೋ ಕಡೆ, ಅಂದರೆ ಅತಿ ಸಣ್ಣ ಹನಿಗಳ ಕಡೆ ಹೋಗುವುದು ಮುಖ್ಯವಾಗಿ ಇದಕ್ಕೇ.

ಎರಡನೆಯದಕ್ಕೆ ದೊಡ್ಡ ಯಂತ್ರ ಬೇಡ. ಎಂಸಿಟಿ ಎಣ್ಣೆಗೆ (ಮಧ್ಯಮ ಉದ್ದದ ಕೊಬ್ಬಿನ ಆಮ್ಲಗಳಿರುವ ಎಣ್ಣೆ) ಸೋಪಿನಂತೆ ಎಣ್ಣೆ, ನೀರು ಬೆಸೆಯುವ ಟ್ವೀನ್ 80 ಬೆರೆಸಿ, ಕಲಕುತ್ತಿರುವ ನೀರಿಗೆ ಹನಿಹನಿಯಾಗಿ ಬಿಟ್ಟೆ. ನ್ಯಾನೋಎಮಲ್ಷನ್ ತಾನಾಗೇ ಆಯಿತು. ಲೋಟದ ಹಿಂದಿನ ಅಕ್ಷರ ಓದುವಷ್ಟು ತಿಳಿ! ರುಚಿ ಮಾತ್ರ ಕಹಿ, ಜೊತೆಗೆ ಸೋಪಿನ ವಾಸನೆ. ಹೆಚ್ಚುಕಡಿಮೆ ಎಣ್ಣೆಯಷ್ಟೇ ಟ್ವೀನ್ ಸುರಿದರೆ ಇನ್ನೇನಾಗುತ್ತೆ? ಚೆನ್ನಾಗಿ ಬಿಸಿ ಮಾಡಿದಾಗ ತಿಳಿಯೂ ಹೋಯಿತು, ಮಸುಕಾಯಿತು.

ಮೂರನೆಯದು ಹೈ ಪ್ರೆಶರ್ ಹೋಮೋಜಿನೈಸರ್, ಅಂದರೆ ಭಾರೀ ಒತ್ತಡದಲ್ಲಿ ಕಿರಿದಾದ ಸಂದಿನಿಂದ ತಳ್ಳಿ ಹನಿಗಳನ್ನು ಒಡೆಯುವ ಯಂತ್ರ. ಹಾಕಿದ್ದು ಮೆಕ್ಕೆಜೋಳದ ಎಣ್ಣೆ, ಜೊತೆಗೆ ಬೆಸೆಯಲು ಕ್ವಿಲ್ಲಾಯ ಮರದ ತೊಗಟೆಯ ಸಪೋನಿನ್ ಎಂಬ ನೊರೆ ಬರುವ ಪದಾರ್ಥ. ತೆಳು ಮಂಜಿನಂಥ ಬಣ್ಣ ಬಂತು. ಬಿಸಿಗೂ ಜಗ್ಗಲಿಲ್ಲ, ಹುಳಿಗೂ ಜಗ್ಗಲಿಲ್ಲ. ಯಂತ್ರ ದುಬಾರಿ, ತೊಳೆಯುವುದು ಇನ್ನೂ ತಲೆನೋವು.

ನೋಡೋಕೆ ಎರಡನೆಯದೇ ಚೆಂದ, ಅಲ್ವಾ? ಆದರೆ ಪೋಷಕಾಂಶ ದೇಹಕ್ಕೆ ಸೇರಬೇಕು. ಎಣ್ಣೆ ಜೀರ್ಣವಾದಾಗ ಬರುವ ಕೊಬ್ಬಿನ ಆಮ್ಲಗಳು ಪಿತ್ತದ ಜೊತೆ ಸೇರಿ ಮಿಸೆಲ್ ಎಂಬ ಅತಿ ಪುಟ್ಟ ಉಂಡೆಗಳಾಗುತ್ತವೆ. ಕ್ಯಾರೋಟಿನ್ ಅದರೊಳಗೆ ಕೂತೇ ಕರುಳಿನ ಗೋಡೆ ಮುಟ್ಟಬೇಕು. ಎಂಸಿಟಿಯ ಆಮ್ಲಗಳಲ್ಲಿ ಹೆಚ್ಚಾಗಿ 8 ಅಥವಾ 10 ಕಾರ್ಬನ್, ಮೆಕ್ಕೆಜೋಳದ ಎಣ್ಣೆಯವುಗಳಲ್ಲಿ ಬಹುಪಾಲು 18. ಉದ್ದದ ಕ್ಯಾರೋಟಿನ್ ಅಣುವಿಗೆ ಎಂಸಿಟಿಯ ಪುಟ್ಟ ಮಿಸೆಲ್‌ನಲ್ಲಿ ಜಾಗ ಸಾಲದು. ಕೃತಕ ಜೀರ್ಣಕ್ರಿಯೆ ಮಾಡಿಸಿ ಸೆಂಟ್ರಿಫ್ಯೂಜ್‌ನಲ್ಲಿ ತಿರುಗಿಸಿದಾಗ ಇದು ಕಣ್ಣಿಗೇ ಕಂಡಿತು: ಎಂಸಿಟಿ ಟ್ಯೂಬಿನ ಮೇಲಿನ ನೀರು (ಮಿಸೆಲ್‌ಗಳು ಉಳಿಯುವುದು ಇದರಲ್ಲೇ) ಬಿಳಿಚಿಕೊಂಡಿತ್ತು, ಮೂರನೆಯದರಲ್ಲಿ ಒಳ್ಳೆ ಕಿತ್ತಳೆ. ಹನಿಯ ಗಾತ್ರದ ಬಗ್ಗೆಯೇ ಎಲ್ಲರೂ ಮಾತಾಡ್ತಾರೆ, ಎಣ್ಣೆ ಯಾವುದು ಅಂತ ಕೇಳುವವರು ಕಡಿಮೆ.

ಇನ್ನೊಂದು ತೊಂದರೆ ಬಣ್ಣದ್ದು. ಹನಿ ಚಿಕ್ಕದಾದಷ್ಟೂ ಮೇಲ್ಮೈ ಜಾಸ್ತಿ, ಆಕ್ಸಿಜನ್‌ಗೆ ದಾರಿ ಸಲೀಸು. ಬೆಚ್ಚಗಿಟ್ಟ ಎರಡೂ ನ್ಯಾನೋ ಬಾಟಲಿಗಳು ಮೊದಲನೆಯದಕ್ಕಿಂತ ಬೇಗ ಮಾಸಿದವು. ವಿಟಮಿನ್ ಇ ಬೆರೆಸಿ, ಬೆಳಕು ತಾಗದಂತೆ ತಣ್ಣಗಿಟ್ಟರೆ ಒಳ್ಳೆಯದು.

ನನ್ನ ಆಯ್ಕೆ ಮೂರನೆಯದು. ಹಾಲಿನಂಥ ಬಿಳಿ ಪಾನೀಯವಾದರೆ ಹನಿಯನ್ನು ತೀರಾ ಚಿಕ್ಕದು ಮಾಡುವ ಹಟ ಬೇಡ, ಒತ್ತಡ ಸ್ವಲ್ಪ ಕಡಿಮೆ ಇಟ್ಟರೂ ನಡೆಯುತ್ತೆ. ಗಾಜಿನಂಥ ತಿಳಿಯೇ ಬೇಕು ಅನ್ನುವವರು ಮಾತ್ರ ಟ್ವೀನ್ ಹಿಡಿಯಲಿ, ಪ್ರಮಾಣ ಚಿಕ್ಕದಿರಲಿ.